ಒತ್ತಡ: ಗಂಡಸರಲ್ಲಿ ಒಂದು ರೀತಿ, ಹೆಂಗಸರಲ್ಲಿ ಇನ್ನೊಂದು. ಸಂಘದಿಂದ ಏನು ಮಾಡಬಹುದು?

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕು)
ನಮ್ಮೂರಲ್ಲಿ ರೇಷ್ಮೆ, ಜೊತೆಗೆ ಟೊಮೆಟೊ. ಬೋರ್‌ವೆಲ್ ಬತ್ತಿದರೆ, ಗೂಡಿನ ರೇಟು ಬಿದ್ದರೆ ಗಂಡಸರು ಮಾತು ಬಿಟ್ಟು ಕುಡಿತಕ್ಕೆ ಬೀಳ್ತಾರೆ. ಹೆಂಗಸರು ಮೈಕೈ ನೋವು ಅಂತ ಮಾತ್ರೆ ನುಂಗಿ ಕೆಲಸಕ್ಕೆ ನಿಲ್ತಾರೆ. ನಮ್ಮ ಸಂಘದ ಸಭೆಯಲ್ಲಿ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಭಾಷಣ ಬೇಡ, ಮಾಡೋಕಾಗುವಂಥದ್ದು ಹೇಳಿ.

ಉತ್ತರ 1 (ಆಪ್ತಸಮಾಲೋಚಕಿ)
ಸಭೆಯಲ್ಲಿ ಕೇಳಬೇಡಿ ಸರ್, ಒಬ್ಬೊಬ್ಬರನ್ನೇ ಮಾತಾಡಿಸಿ. ಗಂಡಸರ ಹತ್ತಿರ ನಿದ್ದೆಯಿಂದ ಶುರು ಮಾಡಿ: ನಡುರಾತ್ರಿ ಎಚ್ಚರ ಆಗುತ್ತಾ, ಮತ್ತೆ ನಿದ್ದೆ ಹತ್ತುತ್ತಾ, ಊಟ ಸೇರುತ್ತಾ? ಹೆಂಗಸರಿಗೆ ತಲೆನೋವು, ಸುಸ್ತು, ಎದೆ ಡವಡವ ಅನ್ನೋದರಿಂದಲೇ ಮಾತು ತೆಗೆಯಬೇಕು. ಅವರಿಗೆ ಮೊದಲು ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಆಗಲಿ. ರಿಪೋರ್ಟ್ ಸರಿ ಇದೆ ಅಂತ ಅಲ್ಲಿಗೇ ಕೈಬಿಡಬೇಡಿ. ಬೇಜಾರು, ನಿದ್ದೆಗೇಡು 2 ವಾರ ದಾಟಿದರೆ ಮನೋವೈದ್ಯರನ್ನು ಕಾಣಬೇಕು.

ಖಿನ್ನತೆಯ ಮಾತ್ರೆ ಹಿಡಿಯೋಕೆ 2ರಿಂದ 4 ವಾರ ಬೇಕು. ವಾರಕ್ಕೇ ಗುಣ ಕಾಣಲಿಲ್ಲ ಅಂತ ಬಿಡೋದೇ ಹೆಚ್ಚು, ಇದನ್ನು ಮನೆಯವರಿಗೂ ತಿಳಿಸಿ. ದಿನಾ ಕುಡಿಯುವವರಿಗೆ ‘ಇವತ್ತೇ ಬಿಡು’ ಅಂತ ಆಣೆ ಹಾಕಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಕೈ ನಡುಕ, ಫಿಟ್ಸ್ ಬರಬಹುದು, ಆಸ್ಪತ್ರೆಯಲ್ಲೇ ಬಿಡಿಸಬೇಕು.

ಸಾಯೋ ಮಾತು ಬಂದರೆ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಒಬ್ಬರನ್ನೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿಸಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ.

ಉತ್ತರ 2 (ರೇಷ್ಮೆ ಬೆಳೆಗಾರ್ತಿ)
ಹೆಂಗಸರ ವಿಷಯದಲ್ಲಿ ಬರೀ ಸಮಾಧಾನ ಹೇಳಿದರೆ ಸಾಲದು, ಕೆಲಸ ಇಳಿಸಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡೋ ಹಂತ) ಎದ್ದ ಮೇಲೆ ಹಣ್ಣಾಗೋವರೆಗೆ, ಅಂದರೆ ಗೂಡು ಕಟ್ಟೋಕೆ ತಯಾರಾಗೋವರೆಗೆ, 7-8 ದಿನ ಹುಳು ತಿನ್ನೋದೇ ಒಟ್ಟು ಸೊಪ್ಪಿನ ಮುಕ್ಕಾಲಿಗೂ ಹೆಚ್ಚು. ಆ ದಿನಗಳಲ್ಲೇ ಅಡುಗೆ, ಹಾಲು ಕರೆಯೋದು, ಮಕ್ಕಳ ಸ್ಕೂಲು ಎಲ್ಲಾ ಅವಳ ತಲೆಗೇ. ಎಲೆ ಬಿಡಿಸದೆ ರೆಂಬೆ ಸಮೇತ ಹಾಕಿದರೆ ಸಮಯ ಎಷ್ಟೋ ಉಳಿಯುತ್ತೆ. ಎರಡನೇ ಜ್ವರ ದಾಟಿದ ಚಾಕಿ ಹುಳು (ಬೇರೆ ಕಡೆ ಸಾಕಿದ ಮರಿಹುಳು) ತಂದರೆ ಮೊದಲ ಹಂತದ ಕಾಯೋ ಕೆಲಸವೂ ತಪ್ಪುತ್ತೆ. ರಾತ್ರಿ ಸೊಪ್ಪು ಹಾಕೋ ಪಾಳಿ ಗಂಡಸರಿಗಿರಲಿ. ಇದನ್ನು ಮೊಟ್ಟೆ ತರೋ ಮುಂಚೆಯೇ ಮಾತಾಡಿಕೊಳ್ಳಿ, ಹುಳು ಮನೆ ತುಂಬಿದ ಮೇಲೆ ಯಾರೂ ಒಪ್ಪಲ್ಲ.

ಉತ್ತರ 3 (ಕೋಲಾರ)
ಗಂಡನ ಸಾಲ ಹೆಂಡತಿಗೆ ಗೊತ್ತಿರಲ್ಲ, ಅವಳ ಮಹಿಳಾ ಸಂಘದ ಕಂತು ಇವನಿಗೆ ಗೊತ್ತಿರಲ್ಲ. ಇಬ್ಬರೂ ಕೂತು ಒಂದೇ ಹಾಳೆಯಲ್ಲಿ ಸೊಸೈಟಿ, ಬ್ಯಾಂಕ್, ಮಂಡಿ ಅಡ್ವಾನ್ಸ್, ಕೈಸಾಲ, ವಾರದ ಕಂತು ಬರೀಲಿ. ಒಂದೊಂದರ ಮುಂದೆ ಬಡ್ಡಿ, ಗಡುವು. ಸೊಸೈಟಿ ಬೆಳೆಸಾಲದ ಗಡುವು ದಾಟಿದರೆ ಶೂನ್ಯ ಬಡ್ಡಿ ಕೈತಪ್ಪುತ್ತೆ, ಹಾಗಾಗಿ ಅದನ್ನು ಮರೀಬೇಡಿ. ಆದರೆ ಅದನ್ನು ತೀರಿಸೋಕೆ ಮೀಟರ್ ಬಡ್ಡಿಗೆ ಕೈ ಹಾಕಬೇಡಿ, ಮೊದಲು ಕಾರ್ಯದರ್ಶಿ ಹತ್ತಿರ ಹೋಗಿ. ಕಂತಿನವರು ಮನೆ ಮುಂದೆ ಕೂತು ಹೆದರಿಸಿದರೆ 2025ರ ಕಿರುಸಾಲ ಕಾಯ್ದೆಯಲ್ಲಿ ಅದು ಅಪರಾಧ, 10 ವರ್ಷದವರೆಗೆ ಜೈಲು. ಠಾಣೆಯವರು ದೂರು ತಗೊಳ್ಳಲ್ಲ ಅನ್ನೋ ಹಾಗಿಲ್ಲ.

ಉತ್ತರ 4
ಎಲ್ಲಕ್ಕಿಂತ ಮೊದಲು ಬೆಳೆಗೆ ಹೊಡೆಯೋ ಕೀಟನಾಶಕದ ಡಬ್ಬ ಮನೆಯಿಂದ ಆಚೆ ಹೋಗಲಿ. ದುಡುಕುವ ಘಳಿಗೆ ಬಹಳ ಸಲ ಸ್ವಲ್ಪ ಹೊತ್ತಿಂದು, ಕೈಗೆ ಸಿಗದಿದ್ದರೆ ಜೀವ ಉಳಿಯುತ್ತೆ. ಸಂಘದ್ದೇ ಒಂದು ಕಬ್ಬಿಣದ ಪೆಟ್ಟಿಗೆ, ಎರಡು ಬೀಗ, ಇಬ್ಬರ ಹತ್ತಿರ ಒಂದೊಂದು ಕೀಲಿ. ಆವತ್ತಿನ ಸಿಂಪಡಣೆಗೆ ಬೇಕಾದಷ್ಟೇ ಅಳೆದು ಕೊಡಿ. ಯಾರಾದರೂ ಕುಡಿದೇಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಸಿರುನಾಳಕ್ಕೆ ಹೋಗುತ್ತೆ. 108ಕ್ಕೆ ಫೋನ್ ಮಾಡಿ, ಎಡಮಗ್ಗುಲಿಗೆ ಮಲಗಿಸಿ, ಲೇಬಲ್ ಇರೋ ಡಬ್ಬವನ್ನೂ ಆಸ್ಪತ್ರೆಗೆ ಒಯ್ಯಿರಿ.