ಎಲೆ ಕಲಸುವ ಯಂತ್ರವನ್ನು ಬ್ಲ್ಯಾಕ್‌ಜಾಕ್ ಆಟಗಾರರು ಏಕೆ ನಂಬುವುದಿಲ್ಲ?

ಪ್ರಶ್ನೆ (ಧಾರವಾಡ):
ಗೋವಾದ ಕ್ಯಾಸಿನೊಗಳಿಗೆ ಹೋಗಿಬರುವ ಪರಿಚಯದವರೊಬ್ಬರು, ಯಂತ್ರ ಎಲೆ ಕಲಸುವ ಮೇಜಿನಲ್ಲಿ ತಾವು ಬ್ಲ್ಯಾಕ್‌ಜಾಕ್ (ಎಲೆಗಳ ಮೊತ್ತ 21ನ್ನು ಮೀರದಂತೆ ಕ್ಯಾಸಿನೊದ ಕೈಯನ್ನು ಸೋಲಿಸಬೇಕಾದ ಇಸ್ಪೀಟು ಆಟ) ಆಡುವುದೇ ಇಲ್ಲವೆಂದು ಖಡಾಖಂಡಿತವಾಗಿ ಹೇಳಿದರು. ಕೈಯಿಂದಾಗಲಿ ಯಂತ್ರದಿಂದಾಗಲಿ ಎಲೆಗಳು ಚೆನ್ನಾಗಿ ಬೆರೆತರೆ ಸಾಕಲ್ಲವೇ? ನಾನು ಸಂಭವನೀಯತೆಯ ಪಾಠ ಹೇಳುವವನಾದ್ದರಿಂದ, ಈ ಅಪನಂಬಿಕೆಗೆ ಲೆಕ್ಕದ ಆಧಾರವೇನಾದರೂ ಇದೆಯೇ ಎಂದು ತಿಳಿಯುವ ಕುತೂಹಲವಿದೆ.

ಉತ್ತರ (ಗದಗ):
ಆಧಾರವಿದೆ. ಆದರೆ ಯಂತ್ರಗಳಲ್ಲಿ ಎರಡು ಬಗೆಯುಂಟು. ಒಂದು ಕಟ್ಟಿನ ಆಟ ನಡೆದಿರುವಾಗ ಇನ್ನೊಂದನ್ನು ಕಲಸಿ ಸಿದ್ಧವಿಡುವ ಯಂತ್ರದಿಂದ ಆಟದ ಲೆಕ್ಕವೇನೂ ಬದಲಾಗದು. ಪ್ರತಿ ಸುತ್ತು ಮುಗಿದೊಡನೆ ಆಡಿದ ಎಲೆಗಳನ್ನು ಮರಳಿ ಒಳಗೆಳೆದುಕೊಂಡು ಉಳಿದವುಗಳೊಂದಿಗೆ ಬೆರೆಸುವ ನಿರಂತರ ಯಂತ್ರದ ಮೇಲೆಯೇ ಆಟಗಾರರ ಸಿಟ್ಟು. ಸಣ್ಣ ಎಲೆಗಳು ಹೆಚ್ಚಾಗಿ ಹೊರಬಿದ್ದು ಹತ್ತರ ಬೆಲೆಯ ಎಲೆಗಳೂ ಎಕ್ಕಗಳೂ ಉಳಿದಿದ್ದರೆ ಮುಂದಿನ ಸುತ್ತುಗಳು ಆಟಗಾರನ ಕಡೆಗೆ ವಾಲುತ್ತವೆಂಬುದನ್ನು ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಬಲ್ಲವರು 2ರಿಂದ 6ರವರೆಗಿನ ಪ್ರತಿ ಎಲೆಗೆ ಒಂದನ್ನು ಕೂಡಿಸುತ್ತ, ಹತ್ತು, ಗುಲಾಮ, ರಾಣಿ, ರಾಜ, ಎಕ್ಕಗಳಿಗೆ ಒಂದನ್ನು ಕಳೆಯುತ್ತ, ಮೊತ್ತ ಏರಿದಾಗ ಪಣ ಏರಿಸುತ್ತಾರೆ. ಹೊರಬಿದ್ದ ಎಲೆ ಹೊರಗೇ ಉಳಿದರಷ್ಟೇ ಈ ಎಣಿಕೆಗೆ ಬೆಲೆ; ನಿರಂತರ ಯಂತ್ರ ಅದನ್ನು ಬುಡಸಮೇತ ಕಿತ್ತುಹಾಕುತ್ತದೆ.

ಎಣಿಕೆ ಬಾರದವರಿಗೂ ನಷ್ಟವುಂಟು, ಅದು ವೇಗದಿಂದ. ಒಳ್ಳೆಯ ನಿಯಮಗಳಿರುವ ಮೇಜಿನಲ್ಲಿ ತಪ್ಪಿಲ್ಲದೆ ಆಡುವವನ ಮೇಲೆ ಕ್ಯಾಸಿನೊದ ಮೇಲುಗೈ ಸುಮಾರು ಶೇ. 0.5 ಇರುತ್ತದೆ. ಪ್ರತಿ ಸುತ್ತಿಗೆ 1,000 ರೂಪಾಯಿ ಪಣವೆಂದರೆ ಸರಾಸರಿ 5 ರೂಪಾಯಿ ಹೋಗುತ್ತದೆ. ಕಲಸುವ ಬಿಡುವು ಇಲ್ಲದೆ ಗಂಟೆಗೆ 60 ಸುತ್ತುಗಳ ಬದಲು 75 ನಡೆದರೆ 300 ರೂಪಾಯಿಯ ನಷ್ಟ 375 ಆಗುತ್ತದೆ. ಯಂತ್ರ ಪ್ರಾಮಾಣಿಕವಾಗಿದ್ದರೂ ಈ ಲೆಕ್ಕ ತಪ್ಪದು.

ಉತ್ತರ (ಹಾವೇರಿ):
ಲೆಕ್ಕದ ಮಾತು ಸರಿ, ಆದರೆ ಕಣ್ಣಿನ ಮಾತೂ ಇದೆ. ದೀಪಾವಳಿಯ ರಾತ್ರಿ ನಮ್ಮ ಕಡೆ ಎಲೆ ಆಡಲು ಕುಳಿತರೆ, ಕಲಸಿದವನು ಕಟ್ಟನ್ನು ಪಕ್ಕದವನ ಮುಂದಿಡುತ್ತಾನೆ. ಅವನು ಕಟ್ ಮಾಡದ ಹೊರತು ಒಬ್ಬರೂ ಎಲೆ ಎತ್ತುವುದಿಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತಂದ ರೈತ ತೂಕದ ಹೊತ್ತಿಗೆ ಚೀಲದ ಬಳಿಯೇ ನಿಲ್ಲುವುದು ಕೂಡ ಇಂಥದ್ದೇ ಕಾರಣಕ್ಕೆ. ಮುಚ್ಚಿದ ಡಬ್ಬಿಯೊಳಗೆ ಏನಾಯಿತೆಂದು ಕೇಳುವ ಆಟಗಾರನನ್ನು ಮೂಢನೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ (ಹುಬ್ಬಳ್ಳಿ):
ಆ ಡಬ್ಬಿಯನ್ನು ಗಣಿತಜ್ಞರೇ ಪರೀಕ್ಷಿಸಿದ್ದಾರೆ. ಪರ್ಸಿ ಡಯಾಕೊನಿಸ್, ಜೇಸನ್ ಫುಲ್ಮನ್ ಹಾಗೂ ಸೂಸನ್ ಹೋಮ್ಸ್ 2013ರಲ್ಲಿ ಪ್ರಕಟಿಸಿದ ಪ್ರಬಂಧವು, ಪ್ರತಿ ಎಲೆಯನ್ನೂ ಹತ್ತು ಗೂಡುಗಳಲ್ಲಿ ಯಾವುದೋ ಒಂದಕ್ಕೆ, ಅಲ್ಲಿರುವ ಎಲೆಗಳ ಮೇಲೋ ಕೆಳಗೋ ಸೇರಿಸುವ ಯಂತ್ರವನ್ನು ಕುರಿತದ್ದು. ಸಂಪೂರ್ಣವಾಗಿ ಬೆರೆತ 52 ಎಲೆಗಳನ್ನು ಒಂದೊಂದಾಗಿ ತೋರಿಸುತ್ತ ಹೋದರೆ, ಜಾಣತನದಿಂದ ಊಹಿಸುವವನಿಗೆ ಸರಾಸರಿ 4.5 ಎಲೆಗಳು ಸರಿಸಿಗುತ್ತವೆ. ಈ ಯಂತ್ರದಲ್ಲಿ ಒಮ್ಮೆ ಮಾತ್ರ ಹಾಯ್ದ ಎಲೆಗಳಲ್ಲಿ ಅದು ಸುಮಾರು 9.5ಕ್ಕೆ ಏರಿತು, ಏಕೆಂದರೆ ಹಳೆಯ ಕ್ರಮದ ಸಣ್ಣ ಸಾಲುಗಳು ಏರುತ್ತಲೋ ಇಳಿಯುತ್ತಲೋ ಹಾಗೆಯೇ ಉಳಿದಿದ್ದವು. ಎರಡು ಬಾರಿ ಹಾಯಿಸಿದರೆ ಸಾಕೆಂದೂ ಅವರು ತೋರಿಸಿದರು. ಧಾರವಾಡದ ಗುರುಗಳು ಇದನ್ನು ತರಗತಿಯಲ್ಲಿ ಅವಶ್ಯ ಮಾಡಿಸಬೇಕು. ಹತ್ತು ಪೆಟ್ಟಿಗೆಗಳಿದ್ದರೆ ಆಯಿತು.

ಮೋಸದ ಭಯವೂ ಪೂರ್ತಿ ಕಲ್ಪನೆಯಲ್ಲ. ಪೋಕರ್ ಮೇಜುಗಳಲ್ಲಿ ಬಳಸುವ ಡೆಕ್‌ಮೇಟ್ 2 ಯಂತ್ರದಲ್ಲಿ ಎಲೆಗಳನ್ನು ಗುರುತಿಸುವ ಕ್ಯಾಮೆರಾ ಇದೆ. ಯುಎಸ್‌ಬಿ ಕಿಂಡಿಗೆ ಪುಟ್ಟ ಸಾಧನ ಸಿಕ್ಕಿಸಿದರೆ ಎಲೆಗಳ ಕ್ರಮವನ್ನು ಹೊರಗೆ ಕಳಿಸಬಹುದೆಂದು ಭದ್ರತಾ ಸಂಶೋಧಕರು 2023ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ತೋರಿಸಿದರು. ಆದರೂ ಪರವಾನಗಿಯುಳ್ಳ ಕ್ಯಾಸಿನೊ ಬ್ಲ್ಯಾಕ್‌ಜಾಕ್‌ನಲ್ಲಿ ಇಷ್ಟೆಲ್ಲ ಮಾಡಬೇಕಿಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ನಿಯಮಗಳಲ್ಲಿಯೇ ಅದರ ಲಾಭವಿದೆ. ನಿಮ್ಮ ಪರಿಚಯದವರು ಯಂತ್ರಕ್ಕಿಂತ ಮೊದಲು ಮೇಜಿನ ಬಟ್ಟೆಯ ಮೇಲೆ ಅಚ್ಚಾದದ್ದನ್ನು ಓದಲಿ. ಬ್ಲ್ಯಾಕ್‌ಜಾಕ್ ಬಿದ್ದಾಗ, ಅಂದರೆ ಮೊದಲ ಎರಡೇ ಎಲೆಗಳು ಎಕ್ಕ ಮತ್ತು ಹತ್ತರ ಬೆಲೆಯ ಎಲೆಯಾದಾಗ, 100 ರೂಪಾಯಿಗೆ 150ರ ಬದಲು 120 ಕೊಡುವ ಮೇಜಿನಲ್ಲಿ ಕ್ಯಾಸಿನೊದ ಮೇಲುಗೈ ಪಣದ ಶೇ. 1.4ರಷ್ಟು ಹೆಚ್ಚುತ್ತದೆ, ಅಂದರೆ ಶೇ. 0.5 ಇದ್ದದ್ದು ಸುಮಾರು ಶೇ. 1.9 ಆಗುತ್ತದೆ.