ಸಹಾಯ ಬೇಕು: ಮಾರಾಟಕ್ಕಿಲ್ಲದ ಡೊಮೈನಿಗೆ ಬೆಲೆ ಕೇಳುತ್ತಿರುವವರಿಗೆ ಏನೆಂದು ಉತ್ತರಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ಹೆಸರಿನ ಡಾಟ್ ಕಾಮ್ ಡೊಮೈನನ್ನು 2009ರಲ್ಲಿ ನೋಂದಾಯಿಸಿದ್ದೆ. ಅಲ್ಲಿ ಅಜ್ಜಿಯ ಅಡುಗೆ ಟಿಪ್ಪಣಿಗಳ ನಾಲ್ಕು ಪುಟಗಳಷ್ಟೇ ಇವೆಯಾದರೂ ಮನೆಯ ಐವರ ಇಮೇಲ್ ನಡೆಯುವುದು ಅದರ ಮೇಲೆಯೇ. ತಂದೆಯವರ ಪಿಂಚಣಿ ಖಾತೆಗೂ ಅದೇ ವಿಳಾಸ ಕೊಟ್ಟಿರುವುದರಿಂದ ಮಾರುವ ಮಾತೇ ಇಲ್ಲ.

ಎಂಟು ತಿಂಗಳಿಂದ ದಲ್ಲಾಳಿಯೊಬ್ಬರು ತಮ್ಮ ಕಕ್ಷಿದಾರರಿಗೆ ಈ ಹೆಸರು ಬೇಕೆಂದು ಬರೆಯುತ್ತಲೇ ಇದ್ದಾರೆ. ಮೊದಮೊದಲು ಸುಮ್ಮನಿದ್ದು, ಕೊನೆಗೆ ‘ಮಾರಾಟಕ್ಕಿಲ್ಲ’ ಎಂದು ಒಂದೇ ಸಾಲು ಬರೆದೆ. ಅದನ್ನು ಚೌಕಾಸಿಯೆಂದು ತಿಳಿದರೋ ಏನೋ, ಮರುದಿನವೇ ಮೊತ್ತ ದುಪ್ಪಟ್ಟಾಯಿತು. ಹೂಈಸ್ (ಡೊಮೈನ್ ಯಾರದೆಂದು ತೋರಿಸುವ ಸಾರ್ವಜನಿಕ ದಾಖಲೆ) ವಿವರ ಮರೆಮಾಡಿದ್ದೇನೆ, ವರ್ಗಾವಣೆಯ ಲಾಕ್ ಹಾಕಿದ್ದೇನೆ, ನೋಂದಣಿಯನ್ನು ಗರಿಷ್ಠ 10 ವರ್ಷಕ್ಕೆ ನವೀಕರಿಸಿದ್ದೇನೆ.

ಕಳೆದ ವಾರದ ಪತ್ರದ ಧಾಟಿ ಬೇರೆಯಾಗಿದೆ. ಕಕ್ಷಿದಾರರು ಇದೇ ಹೆಸರಿಗೆ ಈಚೆಗೆ ಟ್ರೇಡ್‌ಮಾರ್ಕ್ ಪಡೆದಿದ್ದಾರಂತೆ, ‘ನಿಮ್ಮ ಬೆಲೆಯನ್ನಾದರೂ ತಿಳಿಸಿ’ ಎನ್ನುತ್ತಾರೆ. ಯುಡಿಆರ್‌ಪಿ, ಅಂದರೆ ಡೊಮೈನ್ ಹೆಸರಿನ ತಕರಾರುಗಳನ್ನು ಕೋರ್ಟಿನ ಹೊರಗೆ ಬಗೆಹರಿಸುವ ನಿಯಮದ ಪ್ರಕಾರ ದೂರುದಾರರು ತಮ್ಮ ಟ್ರೇಡ್‌ಮಾರ್ಕನ್ನು ನನ್ನ ಡೊಮೈನ್ ಹೆಸರು ಹೋಲುವುದು, ನನಗೆ ನ್ಯಾಯಯುತ ಹಿತಾಸಕ್ತಿ ಇಲ್ಲದಿರುವುದು ಮತ್ತು ನೋಂದಣಿ, ಬಳಕೆಗಳೆರಡರಲ್ಲೂ ದುರುದ್ದೇಶ, ಈ ಮೂರನ್ನೂ ಸಾಬೀತುಪಡಿಸಬೇಕೆಂದು ಓದಿದ್ದೇನೆ. ಟ್ರೇಡ್‌ಮಾರ್ಕ್ ಒಡೆಯರಿಗೆ ಲಾಭಕ್ಕೆ ಮಾರುವ ಉದ್ದೇಶದಿಂದಲೇ ನೋಂದಾಯಿಸಿದ್ದರೆ ಅದು ದುರುದ್ದೇಶವೆನಿಸುತ್ತದೆ. ನನ್ನ ನೋಂದಣಿ ಅವರ ಟ್ರೇಡ್‌ಮಾರ್ಕಿಗಿಂತ ಎಷ್ಟೋ ಹಳೆಯದು, ಆದರೂ ಬೇಸತ್ತು ಯಾವುದೋ ಅಸಾಧ್ಯ ಮೊತ್ತ ಹೇಳಿ ಸಾಗಹಾಕಿದರೆ ಅದೇ ನಾಳೆ ನನ್ನ ವಿರುದ್ಧ ಸಾಕ್ಷ್ಯವಾದೀತೇ ಎಂಬುದೇ ನನ್ನ ಗೊಂದಲ.

ಇಂಥ ಪತ್ರವನ್ನು ಎದುರಿಸಿದವರು ದಯವಿಟ್ಟು ತಿಳಿಸಿ: ಬೆಲೆಯ ಪ್ರಸ್ತಾಪವೇ ಇಲ್ಲದ ಲಿಖಿತ ನಿರಾಕರಣೆಯನ್ನು ಕಳುಹಿಸುವುದು ಕ್ಷೇಮವೇ, ಅಥವಾ ಮೌನವಾಗಿದ್ದು ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡರೆ ಸಾಕೇ?