ಪದಚರ್ಚೆ: ‘ಏರಿಸುವ’ ಔಷಧಿ, ‘ಇಳಿಯುವ’ ನೆನಪು

ಗೆಳೆಯರೇ,

ಆಲ್ಝೈಮರ್ಸ್ ಕಾಯಿಲೆಯ ಶುರುವಿನಲ್ಲೇ ಕೊಡುವ ಲೆಕಾನೆಮ್ಯಾಬ್ ಔಷಧಿಯ ಬಗ್ಗೆ ಮನೆಮಂದಿಗೆಂದು ಎರಡು ಪುಟ ಬರೆಯುತ್ತಿದ್ದೇನೆ. ಎರಡು ಸಣ್ಣ ಕ್ರಿಯಾಪದಗಳು ನಾಲ್ಕು ದಿನದಿಂದ ಕಾಡುತ್ತಿವೆ: ಏರು, ಇಳಿ.

ಈ ಔಷಧಿ ಒಂದು ಆಂಟಿಬಾಡಿ. ಅದಕ್ಕೆ ‘ಪ್ರತಿಕಾಯ’ ಅನ್ನಬೇಕೇ ಅನ್ನೋ ಜಗಳ ಬೇಡ. ಕೋವಿಡ್ ಆದಮೇಲೆ ‘ಆಂಟಿಬಾಡಿ’ ಎಲ್ಲರ ಬಾಯಲ್ಲೂ ಇದೆ. ಮಿದುಳಿನಲ್ಲಿ ಗಂಟುಕಟ್ಟುವ ಅಮಿಲಾಯ್ಡ್ ಪ್ರೋಟೀನಿಗೆ ಅಂಟಿಕೊಂಡು ಅದನ್ನು ತೆರವು ಮಾಡಿಸುವಂಥದ್ದು ಅಂದರೆ ಸಾಕು.

ಮೊದಲು ಎರಡು ವಾರಕ್ಕೊಮ್ಮೆ, ಸುಮಾರು ಒಂದು ಗಂಟೆ, ಇದು ರಕ್ತನಾಳಕ್ಕೆ ಹನಿಹನಿಯಾಗಿ ಹೋಗುತ್ತದೆ. ಬಾಯಿಮಾತಿನಲ್ಲಿ ‘ಡ್ರಿಪ್ ಏರಿಸಿದರು’ ಅಂತೀವಿ. ಬಾಟಲಿ ಮೇಲಿರುತ್ತದೆ, ಹನಿ ಕೆಳಗಿಳಿಯುತ್ತದೆ, ಏರಿಸುವವರು ನಾವು! ವಿಷ ಮೈಗೇರುತ್ತದಲ್ಲ, ಬಹುಶಃ ಅದೇ ಏರಿಕೆ. ನನಗೆ ಪದ ಇಷ್ಟವೇ. ಆದರೆ ಡ್ರಿಪ್ ಅಂದ ಕೂಡಲೇ ಸುಸ್ತಿಗೆ ಹಾಕುವ ಗ್ಲೂಕೋಸ್ ನೆನಪಾಗುತ್ತದೆ, ಮರುದಿನ ಎದ್ದು ಓಡಾಡುತ್ತಾರೆ ಅನ್ನೋ ನಿರೀಕ್ಷೆ ಹುಟ್ಟುತ್ತದೆ. ‘ಹನಿಸು’ ನಡೆಯುತ್ತದೆಯೇ?

ನಿಜವಾದ ತಲೆನೋವು ‘ಇಳಿ’ಯದು. ಜ್ವರ ಇಳಿಯಿತು, ಊತ ಇಳಿಯಿತು, ಭಾರ ಇಳಿಯಿತು. ಕಾಯಿಲೆಯ ಪಕ್ಕ ಈ ಪದ ಬಂದರೆ ನಮಗೆ ಸಮಾಧಾನ. ನಾನು ‘ಇಳಿತ ಶೇಕಡಾ 27 ಕಡಿಮೆ’ ಎಂದು ಬರೆದಿದ್ದೆ. ಓದಿದ ಗೆಳತಿ, “ಅಂದ್ರೆ ಕಾಲು ಭಾಗ ಮರೆವು ಹೋಗುತ್ತೆ, ಅಲ್ವಾ?” ಅಂದಳು. ಖಂಡಿತ ಅಲ್ಲ. 1,795 ಜನರ ಪ್ರಯೋಗದಲ್ಲಿ 18 ತಿಂಗಳಾದ ಮೇಲೆ ಎರಡೂ ಗುಂಪಿನ ಸ್ಥಿತಿ ಕೆಟ್ಟಿತ್ತು. 18 ಅಂಕದ ಅಳತೆಯಲ್ಲಿ ಔಷಧಿ ಪಡೆದವರದು 1.21 ಅಂಕದಷ್ಟು ಕೆಟ್ಟಿತ್ತು, ಪಡೆಯದವರದು 1.66 ಅಂಕದಷ್ಟು. ಅಂತರ 0.45, ಆ ಶೇಕಡಾ 27 ಅಂದರೆ ಇದೇ. ಅಷ್ಟೇ. ಈ ಅಳತೆಯಲ್ಲಿ ಅಂಕ ಏರಿದಷ್ಟೂ ಸ್ಥಿತಿ ಕೆಟ್ಟದು. ಹಾಗಾಗಿ ‘ಅಂಕ ಏರಿತು’ ಅಂತಲೂ ಬರೆಯುವ ಹಾಗಿಲ್ಲ, ಪರೀಕ್ಷೆ ಪಾಸಾದ ಹಾಗೆ ಕೇಳುತ್ತದೆ.

‘ಉಲ್ಬಣಿಸು’ ಅಂದರೆ ಒಮ್ಮೆಲೇ ಭುಗಿಲೇಳುವುದು. ಇದು ಹಾಗಲ್ಲ, ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಸದ್ಯಕ್ಕೆ ‘ಜಾರು’ ಹಿಡಿದಿದ್ದೇನೆ: ‘ನೆನಪು ಜಾರುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.’ ಜಾರುವುದಕ್ಕೆ ಒಂದೇ ದಿಕ್ಕು, ಯಾರೂ ಮೇಲಕ್ಕೆ ಜಾರುವುದಿಲ್ಲ. ಕೊರತೆಯೂ ಇದೆ. ಆ ಅಳತೆ ನೆನಪನ್ನಷ್ಟೇ ನೋಡುವುದಿಲ್ಲ. ಮನೆಕೆಲಸ, ಹೊರಗಿನ ಓಡಾಟ, ತೀರ್ಮಾನ ತೆಗೆದುಕೊಳ್ಳುವ ಶಕ್ತಿ, ಇವೂ ಸೇರುತ್ತವೆ. ನೆನಪು ಜಾರಿತು ಅನ್ನಬಹುದು, ಮನೆಕೆಲಸ ಜಾರಿತು ಅನ್ನೋಕಾಗಲ್ಲ. ಎಲ್ಲಕ್ಕೂ ಒಪ್ಪುವ ಒಂದು ಕ್ರಿಯಾಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ?

ಇನ್ನೊಂದು ಚಿಕ್ಕದು. ಕೆಲವರ ಮಿದುಳಿನಲ್ಲಿ ಈ ಔಷಧಿಯಿಂದ ನೀರು ತುಂಬಿ ಊದಿಕೊಳ್ಳುತ್ತದೆ. ಅದಕ್ಕೇ ಆಗಾಗ ಎಂಆರ್‌ಐ ಮಾಡಿಸುತ್ತಾರೆ. ‘ಬಾವು’ ಎಂದು ಬರೆದು ಅಳಿಸಿದೆ, ಕೀವು ಕಣ್ಮುಂದೆ ಬಂತು. ‘ಊತ’ವೇ ಇರಲಿ ಅಲ್ವಾ?